ಹಾಲವ್ವನ ಕಿರಿಮಗಳು

ಎಮ್ಮೆಕರುವೊಂದು ಭೇದಿಯಾಗಿ ಎರಡು ದಿನದಿಂದ ಮಲಗಿತ್ತು. ಅದರ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾವೊಂದು ಸೇರಿಕೊಂಡಿತ್ತು. ಅಲ್ಲಿಗೆ ಒಂದು ಗುಟುಕು ಹಾಲಿನೊಡನೆ, ಪ್ರೋಟೀನಿನ ಉದ್ದನೆಯ ಸರವಾದ ಹಾಲವ್ವ ಇಳಿದಳು.

ಜೀರ್ಣರಸ ಕತ್ತರಿ ಹಿಡಿದು ಬಂದು, "ತಾಯಿ, ನಿಮ್ಮನ್ನು ತುಂಡರಿಸುವುದು ನನ್ನ ಕಸುಬು," ಎಂದು ಕೈಮುಗಿಯಿತು.

ಹಾಲವ್ವ ತನ್ನ ಸರದ ಮಡಿಕೆಯೊಳಗೆ ಪುಟ್ಟ ತುಣುಕಾಗಿ ಸೇರಿದ್ದ ಕಿರಿಮಗಳನ್ನು ಬಿಗಿಯಾಗಿ ಅಪ್ಪಿಕೊಂಡಳು. "ನನ್ನನ್ನು ಎಷ್ಟಾದರೂ ಕತ್ತರಿಸಪ್ಪ, ಇವಳೊಬ್ಬಳನ್ನು ಬಿಡಿಸಬೇಡ. ಒಂಟಿಯಾಗಿ ಬದುಕಲಾರಳು."

"ಅವ್ವ, ನಿನ್ನ ತೆಕ್ಕೆಯಲ್ಲಿ ನನಗೆ ಕೈಕಾಲು ಆಡಿಸಲು ಆಗುವುದಿಲ್ಲ. ಕರು ನರಳುತ್ತಿದೆ, ಬಿಡು, ಆ ಬ್ಯಾಕ್ಟೀರಿಯಾವನ್ನು ನಾನು ನೋಡಿಕೊಳ್ಳುತ್ತೇನೆ," ಎಂದಳು ಮಗಳು.

ಆ ನರಳಾಟ ಹಾಲವ್ವನಿಗೂ ಕೇಳಿಸಿತು. ಅವಳು ಕಣ್ಣುಮುಚ್ಚಿ ತೋಳು ಸಡಿಲಿಸಿದಳು. ಕತ್ತರಿ ಆಡಿತು.

ಚೂರಿನಷ್ಟಿದ್ದ ಮಗಳನ್ನು ಕಂಡು ಬ್ಯಾಕ್ಟೀರಿಯಾ ನಕ್ಕಿತು. "ನೀನೇನು ಮಾಡೀಯೆ?"

"ಹತ್ತಿರ ಬರುತ್ತೇನೆ, ಅಷ್ಟೇ," ಎಂದವಳು ಸೂಜಿ ಅಯಸ್ಕಾಂತಕ್ಕೆ ಅಂಟಿದಂತೆ ಅದರ ಮೈಗೆ ಅಂಟಿ, ಹೊರಪೊರೆಗೆ ತೂತು ಕೊರೆದಳು. ಒಳಗಿದ್ದದ್ದೆಲ್ಲ ಸೋರಿ ಅದು ಸೊರಗಿ ಬಿತ್ತು.

ಮಧ್ಯಾಹ್ನಕ್ಕೆ ಕರು ಎದ್ದು ನಿಂತು ತಾಯಿಯ ಕೆಚ್ಚಲಿಗೆ ಗುದ್ದಿತು.

ತುಂಡುತುಂಡಾಗಿದ್ದ ಹಾಲವ್ವ ಮಗಳನ್ನೇ ನೋಡುತ್ತ, "ಇಷ್ಟು ದಿನ ನಿನ್ನನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ಕಟ್ಟಿಹಾಕಿದ್ದೆನಲ್ಲೇ, ನನ್ನವ್ವ!" ಎಂದಳು.