ಬೇಲಿಯ ಮೇಲಿನ ಬುರ್ಖಾ

“ಹಜರತ್, ನನ್ನ ಹೆಂಡತಿ ಮುಖ ಮುಚ್ಚಿಕೊಂಡು ನಡೆಯುವುದು ಸರಿಯೋ, ತೆರೆದುಕೊಂಡು ನಡೆಯುವುದು ಸರಿಯೋ? ಅಣ್ಣಂದಿರು ಒಂದು ಹೇಳುತ್ತಾರೆ, ಗೆಳೆಯರು ಇನ್ನೊಂದು ಹೇಳುತ್ತಾರೆ. ನನ್ನ ತಲೆ ಕೆಟ್ಟುಹೋಗಿದೆ” ಎಂದು ಶಿಷ್ಯ ದಸ್ತಗೀರ ಕೇಳಿದ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಅತ್ತರಿನ ವ್ಯಾಪಾರಿಯಿದ್ದ. ಕೆಟ್ಟವನಲ್ಲ, ಆದರೆ ಅವನ ಕಿವಿ ಸದಾ ಬೀದಿಯಲ್ಲಿರುತ್ತಿತ್ತು. ಅವನ ಹೆಂಡತಿ ತನ್ನ ತಾಯಿಯಂತೆ ತಲೆಯ ಮೇಲೆ ಸೆರಗು ಹೊದ್ದುಕೊಂಡು ಬಂದವಳು. ಅಷ್ಟು ಸಾಲದು ಎಂದು ಪಕ್ಕದ ಅಂಗಡಿಯವನು ಅಂದ. ವ್ಯಾಪಾರಿ ಮರುದಿನವೇ ಕಪ್ಪು ರೇಷ್ಮೆಯ ಬುರ್ಖಾ ತಂದು ಅವಳ ಮುಖವನ್ನೂ ಮುಚ್ಚಿಸಿದ. ವ್ಯಾಪಾರ ಬೆಳೆದು ಪಟ್ಟಣಕ್ಕೆ ಹೋದಾಗ ಅಲ್ಲಿಯ ಪಾಲುದಾರರು ನಕ್ಕರು. ಮುಖದ ಪರದೆ ತೆಗೆಸಿದ. ಮುಖ ಕಂಡವರು ಬಣ್ಣ ಕಡಿಮೆ ಎಂದರು. ಬೆಳ್ಳಗಾಗುವ ಕ್ರೀಮು ತಂದ. ಮೈ ದಪ್ಪ ಎಂದರು. ರಾತ್ರಿಯ ರೊಟ್ಟಿ ಬಿಡಿಸಿದ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುತ್ತದೆಯೇ? ಅದನ್ನು ಮುಚ್ಚಲು ಹೊರಟವನು ನಿನಗೇನು ಬೇಕು ಎಂದು ಹೆಂಡತಿಯನ್ನು ಒಮ್ಮೆಯೂ ಕೇಳಲಿಲ್ಲ. ಅವಳೂ ಹೇಳುವುದನ್ನು ಬಿಟ್ಟಿದ್ದಳು.

ಒಂದು ವರ್ಷ ಇಬ್ಬರೂ ಹೊಳೆಯಾಚೆಯ ದರ್ಗಾದ ಉರುಸಿಗೆ ಹೊರಟರು. ಊರ ಹಿರಿಯರು ಬರುತ್ತಾರೆಂದು ಮತ್ತೆ ಪರದೆ ಹಾಕಿಸಿದ. ಆ ಹೊಳೆಯಲ್ಲಿ ಹೆಂಗಸರಿಗೊಂದು ಹರಿಗೋಲು, ಗಂಡಸರಿಗೊಂದು. ನಡುಹೊಳೆಯಲ್ಲಿ ಹೆಂಗಸರ ಹರಿಗೋಲು ಮಗುಚಿತು. ಅವನ ಕಣ್ಣೆದುರಿಗೇ ಕಪ್ಪು ಬಟ್ಟೆಗಳು ನೀರಿನ ಮೇಲೆ ಉಬ್ಬಿ ತೇಲಿಹೋದವು. ಅವನಿಗೆ ಜೀವವೇ ಹೋದಂತಾಯಿತು.

ಪುಣ್ಯಕ್ಕೆ ಕೆಳದಂಡೆಯ ಅಂಬಿಗರು ಎಲ್ಲರನ್ನೂ ದಡಕ್ಕೆ ಎಳೆದಿದ್ದರು. ವ್ಯಾಪಾರಿ ಓಡಿ ಬಂದಾಗ ಹೆಂಗಸರೆಲ್ಲ ಅಂಬಿಗರ ಒಣಸೀರೆ ಉಟ್ಟು ಒಂದು ಗುಡಿಸಲಿನೊಳಗೆ ಕುಳಿತಿದ್ದರು. ಒದ್ದೆ ಬುರ್ಖಾಗಳು ಮುಳ್ಳುಬೇಲಿಯ ಮೇಲೆ ಒಣಗುತ್ತಿದ್ದವು. ಬಾಗಿಲಿಗೆ ಅಡ್ಡವಾಗಿ ಒಬ್ಬ ಅಂಬಿಗರ ಮುದುಕಿ ಕುಳಿತಿದ್ದಳು. ಯಾರು ಯಾರ ಹೆಂಡತಿಯೋ ಅವಳಿಗೆ ತಿಳಿಯದು. ಹೆಸರನ್ನು ಯಾರು ಬೇಕಾದರೂ ಹೇಳಬಹುದು, ಗುರುತು ಹೇಳದ ಗಂಡಸಿನ ಜೊತೆ ಒಬ್ಬಳನ್ನೂ ಕಳಿಸುವುದಿಲ್ಲ ಎನ್ನುವುದು ಅವಳ ಹಟ. ಒಬ್ಬ ಮುದುಕ ತನ್ನವಳ ಕಿರುಬೆರಳು ಡೊಂಕು ಎಂದು ಹೇಳಿ ಕರೆದುಕೊಂಡು ಹೋದ. ಒಬ್ಬ ಹಮಾಲಿ ತನ್ನವಳು ನಗುವಾಗ ಕಣ್ಣು ಮುಚ್ಚುತ್ತಾಳೆ ಎಂದ. ಒಳಗೊಬ್ಬಳು ಅಳುತ್ತಿದ್ದವಳು ನಕ್ಕುಬಿಟ್ಟು ಎದ್ದು ಬಂದಳು.

ವ್ಯಾಪಾರಿಯ ಸರದಿ ಬಂತು. ಕಪ್ಪು ರೇಷ್ಮೆಯ ಬುರ್ಖಾ, ತೋಳಿಗೆ ಜರಿಯಂಚು, ಮುಖಕ್ಕೆ ಎರಡು ಪದರದ ಪರದೆ ಎಂದು ಒಂದೇ ಉಸಿರಿಗೆ ಹೇಳಿದ.

“ಬಟ್ಟಿ ಬೇಲಿ ಮ್ಯಾಲ ಐತಿ, ತಗೊಂಡು ಹೋಗಪಾ. ಒಳಗ ಕುಂತಾಕಿ ಗುರುತು ಹೇಳು” ಎಂದಳು ಮುದುಕಿ.

ವ್ಯಾಪಾರಿ ಕಣ್ಣು ಮುಚ್ಚಿ ನೆನೆದ. ಪಕ್ಕದ ಅಂಗಡಿಯವನ ಮುಖ ಬಂತು, ನಕ್ಕ ಪಾಲುದಾರರ ಮುಖ ಬಂತು, ಅವಳದು ಬರಲಿಲ್ಲ. ಇಷ್ಟು ವರ್ಷ ಅವಳನ್ನು ಬೇರೆಯವರ ಕಣ್ಣಿನಿಂದಲ್ಲದೆ ತಾನಾಗಿ ನೋಡಿಯೇ ಇರಲಿಲ್ಲ ಎಂದು ತಿಳಿದು ಬೆಚ್ಚಿಬಿದ್ದ. ಹರಿಗೋಲು ಮಗುಚಿದಾಗಲೂ ಅವನು ಹಾಗೆ ಬೆಚ್ಚಿರಲಿಲ್ಲ.

ಆಗ ಒಳಗಿನಿಂದ ಹೆಂಡತಿಯ ದನಿ ಕೇಳಿಸಿತು. “ಯವ್ವಾ, ಆ ಬುರ್ಖಾ ಒಣಗಿದ್ರ ಅವರಿಗೆ ಕೊಟ್ಟು ಕಳಿಸು. ನನ್ನ ಹುಡುಕ್ಕೊಂಡು ಯಾರೂ ಬಂದಿಲ್ಲ.”

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಅವಳು ಕೊನೆಗೆ ಮನೆಗೆ ಹೋದಳೇ, ಹೋಗುವಾಗ ಪರದೆ ಹಾಕಿಕೊಂಡಳೋ ಇಲ್ಲವೋ ಎಂದು ದಸ್ತಗೀರ ತಡವರಿಸುತ್ತ ಕೇಳಿದ.

“ಮಗನೇ, ನೀನೂ ಬೇಲಿಯ ಮೇಲಿರುವುದನ್ನೇ ಕೇಳುತ್ತಿದ್ದೀಯ” ಎಂದರು ಗುರುಗಳು.