ಜೀಪು ಬಂತು ಸಾರ್

"ಟೀವೀಲಿ ಇಲ್ಲಿತನಕ ಬಂದ ಸೀನುಗಳಲ್ಲಿ ನನ್ನದೇ ದೊಡ್ಡ ಸೀನು" ಎಂದ ಮುದ್ದವೀರಪ್ಪ.

ಎದುರಾಡುವವರು ಚಿಕ್ಕಬಿದರೆಯಲ್ಲಿ ಯಾರೂ ಇರಲಿಲ್ಲ. ಊರಿನ ನಾನೂರು ಮನೆಗೂ ಕೇಬಲ್ ವೈರು ಹೋಗುವುದು ಅವನ ಮಹಡಿಯಿಂದ.

ಆ ದೊಡ್ಡ ಸೀನು ಇಷ್ಟೇ. ಸಂಜೆ ಏಳರ ಧಾರಾವಾಹಿಯಲ್ಲಿ ಯಾರದೋ ಕೈಕಾಲು ಹಿಡಿದು ಮುದ್ದವೀರಪ್ಪ ಒಂದು ಸಲ ಪೊಲೀಸ್ ಟೋಪಿ ಹಾಕಿಕೊಂಡಿದ್ದ. ದಪ್ಪ ಮೀಸೆ ಅಂಟಿಸಿಕೊಂಡು ಬಾಗಿಲಲ್ಲಿ ನಿಂತು, "ಜೀಪು ಬಂತು ಸಾರ್" ಅಂದಿದ್ದ. ಅಷ್ಟರಲ್ಲಿ ಸೀನು ಮುಗಿದಿತ್ತು.

ಈಗ ಚಾನೆಲ್ಲಿನವರು ಒಂದು ಸ್ಪರ್ಧೆ ಹೂಡಿದ್ದರು. ಮರೆಯಲಾಗದ ಸೀನು ಯಾವುದೆಂದು ವೀಕ್ಷಕರೇ ಕಾರ್ಡು ಬರೆದು ವೋಟು ಹಾಕಬೇಕು.

ಊರು ಎರಡು ಪಾಲಾಯಿತು. ಧಾರಾವಾಹಿಯ ಸೊಸೆ ಸುಕನ್ಯಾ ಬೀಗದ ಕೈ ಗೊಂಚಲನ್ನು ಅತ್ತೆಯ ಕಾಲ ಬುಡಕ್ಕೆ ಎಸೆದ ಸೀನೇ ದೊಡ್ಡದು ಎಂದರು ಟೈಲರ್ ಖಾದರ್ ಸಾಬರು. ವನಜಾಕ್ಷಿ ಟೀಚರ್ ಒಪ್ಪಲಿಲ್ಲ.

"ಗೊಂಚಲು ಯಾರು ಬೇಕಾದ್ರೂ ಎಸೀತಾರೆ ಸಾಬ್ರೆ. ಮಗಳನ್ನ ಗಂಡನ ಮನೆಗೆ ಕಳಿಸಿದ ಮೇಲೆ ಸುಕನ್ಯಾಳ ಅಪ್ಪ ಒಬ್ಬನೇ ಕೂತು ತಣ್ಣನೆ ಅನ್ನ ಉಂಡನಲ್ಲ, ಅದು ಸೀನು."

"ಉಣ್ಣೋದು ಒಂದು ಸೀನಾ ಟೀಚರ್? ನಾನೂ ದಿನಾ ಉಣ್ತೀನಿ."

ಟೀಚರ್ ಹೊಲಿಯಲು ಕೊಟ್ಟಿದ್ದ ರವಿಕೆಯನ್ನು ಹೊಲಿಗೆ ಮುಗಿಯುವ ಮೊದಲೇ ವಾಪಸು ತೆಗೆದುಕೊಂಡು ಹೋದರು.

ಇದರ ಮಧ್ಯೆ ಮುದ್ದವೀರಪ್ಪ ಬೋರ್ಡು ಬರೆಯುವ ಓಬಳೇಶನನ್ನು ಕರೆಸಿದ. ಊರಲ್ಲಿ ಬರೆಯಲು ಬಾರದವರ ಕಾಗದ ಪತ್ರವನ್ನೆಲ್ಲ ಓಬಳೇಶನೇ ಬರೆದುಕೊಡುತ್ತಿದ್ದ.

"ಎಲ್ಲ ಮನೆಯಿಂದಲೂ ಕಾರ್ಡು ಬರೆಸು. ಎಲ್ಲದರಲ್ಲೂ ನನ್ನ ಸೀನೇ ಇರಬೇಕು. ಶನಿವಾರ ನಾನು ಓದಿದ ಮೇಲೇ ಅವು ಪೋಸ್ಟಿಗೆ ಹೋಗೋದು. ಬೇರೆ ಸೀನು ಬರೆದವರ ಮನೆ ವೈರು ಕಟ್."

ಖಾದರ್ ಸಾಬರ ಹೆಂಡತಿ ಕಾಲು ಮುರಿದುಕೊಂಡು ಎರಡು ತಿಂಗಳಿಂದ ಮಂಚ ಹಿಡಿದಿದ್ದರು. ಹಗಲೆಲ್ಲ ಅವರಿಗೆ ಟೀವಿಯೇ ಜೊತೆ. ಓಬಳೇಶನಿಗೆ ಮೊದಲು ನೆನಪಾದದ್ದು ಅವರೇ. ಆದರೂ ಅವನು ಮುಖದಲ್ಲಿ ಏನೂ ತೋರಿಸಲಿಲ್ಲ.

"ಆಗಲಿ ಯಜಮಾನ್ರೇ. ಆದ್ರೆ ಒಂದು ತೊಡಕಿದೆ. ನಿಮ್ಮ ಸೀನು ಬಂದಾಗ ಅರ್ಧ ಊರು ಕಣ್ಣು ಮಿಟುಕಿಸಿಬಿಟ್ಟಿತ್ತಂತೆ. ನೋಡದೇ ಹೇಗೆ ವೋಟು ಹಾಕ್ತಾರೆ?"

ಮುದ್ದವೀರಪ್ಪ ಯೋಚಿಸಿದ. "ಟೇಪು ನನ್ನ ಹತ್ರ ಇದೆ. ಮತ್ತೆ ಹಾಕ್ತೀನಿ."

"ಹಾಕೋದಾದ್ರೆ ಎಲ್ಲರೂ ಟೀವಿ ಮುಂದೆ ಇರೋ ಹೊತ್ತಿಗೇ ಹಾಕಿ. ಏಳು ಗಂಟೆಗೆ. ಒಂದು ಸಲ ಸಾಲದು. ಮನಸ್ಸಲ್ಲಿ ನಿಲ್ಲೋ ತನಕ ಹಾಕಿ."

ಸೋಮವಾರ ಏಳಕ್ಕೆ ಧಾರಾವಾಹಿಯ ಬದಲು ಮುದ್ದವೀರಪ್ಪ ಬಂದ. ಜೀಪು ಬಂತು ಸಾರ್. ಟೇಪು ಹಿಂದಕ್ಕೆ ಸುತ್ತಿತು. ಜೀಪು ಬಂತು ಸಾರ್. ಅರ್ಧ ಗಂಟೆ ಹೀಗೇ ನಡೆಯಿತು. ಮಂಗಳವಾರವೂ ಅದೇ.

ಖಾದರ್ ಸಾಬರೂ ಟೀಚರೂ ಒಟ್ಟಿಗೇ ಓಬಳೇಶನ ಮನೆಗೆ ಬಂದರು.

"ಅವನ ತಲೆಗೆ ಇದನ್ನ ತುಂಬಿದ್ದು ನೀನಂತೆ" ಎಂದರು ಸಾಬರು. "ನಾಳೆ ಧಾರಾವಾಹೀಲಿ ಕೋರ್ಟು ತೀರ್ಪು. ಮಗು ಸುಕನ್ಯಾಗೆ ಸಿಗುತ್ತೋ ಇಲ್ಲವೋ ಅಂತ ನನ್ನ ಹೆಂಡತಿ ಊಟ ಬಿಟ್ಟಿದ್ದಾಳೆ."

"ಅದಕ್ಕೇ ನಾಳೆ ತನಕ ತಡೀರಿ ಸಾಬ್ರೆ. ಊಟ ಬಿಟ್ಟಿರೋರು ನಿಮ್ಮ ಮನೆಯವರೊಬ್ಬರೇ ಅಲ್ಲ. ನಂಜಜ್ಜಿನೂ ಬಿಟ್ಟಿದ್ದಾರೆ."

ನಂಜಜ್ಜಿ ಮುದ್ದವೀರಪ್ಪನ ತಾಯಿ. ಏಳು ಗಂಟೆಗೆ ಎಲೆ ಅಡಿಕೆ ತಟ್ಟೆ ಇಟ್ಟುಕೊಂಡು ಕೂತರೆಂದರೆ ಅವರೆದುರು ಸೀನುವುದಕ್ಕೂ ಮನೆಯವರು ಹೆದರುತ್ತಿದ್ದರು.

ಬುಧವಾರ ಏಳಕ್ಕೆ ಮತ್ತೆ ಜೀಪು ಬಂತು. ಏಳೂ ಕಾಲರವರೆಗೆ ಅಜ್ಜಿ ತಡೆದುಕೊಂಡರು. ಆಮೇಲೆ ಕೋಲೂರಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಮಹಡಿಗೆ ಬಂದರು.

"ಯಾರೋ ಅವನು ಪೊಲೀಸು? ಮೂರು ದಿನದಿಂದ ಜೀಪು ಬಂತು, ಜೀಪು ಬಂತು ಅಂತಾನೆ. ಬಂದಿದ್ರೆ ಹತ್ತಿ ಹೋಗೋಕೆ ಹೇಳು."

"ಅವ್ವಾ, ಅದು ನಾನೇ ಕಣವ್ವಾ."

ಅಜ್ಜಿ ಟೀವಿ ನೋಡಿದರು, ಮಗನ ಮುಖ ನೋಡಿದರು. "ನೀನಾ? ಹಾಗಾದ್ರೆ ನೀನೇ ಹತ್ತಿ ಹೋಗು" ಎಂದವರೇ ಟೇಪಿನ ಮಿಷನ್ನಿನ ವೈರು ಎಳೆದು ಬಿಸಾಡಿದರು.

ಮುದ್ದವೀರಪ್ಪ ಗಡಬಡಿಸಿ ಚಾನೆಲ್ಲು ಜೋಡಿಸಿದ. ನಾನೂರು ಮನೆಯಲ್ಲಿ ಒಮ್ಮೆಗೇ ಜಡ್ಜಿನ ಮುಖ ಕಾಣಿಸಿತು. ಅವರು ಕನ್ನಡಕ ಸರಿಮಾಡಿಕೊಂಡು, ಮಗು ತಾಯಿಯ ಬಳಿಯೇ ಇರತಕ್ಕದ್ದು ಎಂದರು. ಊರಿಗೆ ಊರೇ ಹೋ ಎಂದದ್ದು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತು. ಖಾದರ್ ಸಾಬರ ಹೆಂಡತಿ ಮಂಚದ ಮೇಲೆ ಎದ್ದು ಕೂತು ಅನ್ನ ಕೇಳಿದರು.

ಶನಿವಾರ ಓಬಳೇಶ ಕಾರ್ಡುಗಳ ಕಟ್ಟು ತಂದಿಟ್ಟ. ಮುದ್ದವೀರಪ್ಪ ಮೊದಲು ಟೀಚರದ್ದನ್ನೇ ಹುಡುಕಿ ತೆಗೆದು ಓದಿದ. 'ಮರೆಯಲಾಗದ ಸೀನು: ಬುಧವಾರ ಟೇಪು ನಿಂತು ಜಡ್ಜು ಕಾಣಿಸಿದ್ದು.' ಸಾಬರ ಕಾರ್ಡಲ್ಲೂ ಅದೇ. ನಡುನಡುವಿನಿಂದ ಎಳೆದು ಹತ್ತು ಓದಿದ, ಇಪ್ಪತ್ತು ಓದಿದ. ಎಲ್ಲದರಲ್ಲೂ ಅದೇ.

ಅವನ ಮುಖ ಕೆಂಪಾಯಿತು. "ಕಟಿಂಗ್ ಪ್ಲೇಯರ್ ಎಲ್ಲಿ? ಈ ಕಟ್ಟಿನಲ್ಲಿ ಮೇಲೆ ಯಾರ ಕಾರ್ಡಿದೆಯೋ ಆ ಮನೆಯಿಂದಲೇ ಶುರು ಮಾಡ್ತೀನಿ."

"ಮಾಡಿ ಯಜಮಾನ್ರೇ. ಮೇಲಿನದನ್ನ ಒಂದು ಸಲ ನೋಡಿಬಿಡಿ."

ನೋಡಿದ. ಹೆಸರಿನ ಜಾಗದಲ್ಲಿ 'ನಂಜಮ್ಮ' ಎಂದಿತ್ತು. ಪಕ್ಕದಲ್ಲಿ ಅಜ್ಜಿಯ ಹೆಬ್ಬೆಟ್ಟು, ಸುಣ್ಣದ ಗುರುತಿನ ಸಮೇತ.

ಮುದ್ದವೀರಪ್ಪ ಮೆಲ್ಲಗೆ ಕೂತುಕೊಂಡ. ಕಟ್ಟನ್ನು ಕೊನೆತನಕ ತಿರುವಿ ಹಾಕಿ, "ಅಲ್ಲ ಕಣೋ, ನನ್ನ ಸೀನಿಗೆ ಒಂದೇ ಒಂದು ವೋಟೂ ಇಲ್ವಾ?" ಎಂದು ಕೇಳಿದ. ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು.

"ಇರೋದೆಲ್ಲ ನಿಮ್ಮದೇ ವೋಟು ಯಜಮಾನ್ರೇ" ಎಂದ ಓಬಳೇಶ. "ನೀವು ಬಂದಿದ್ದು ಯಾರಿಗೂ ನೆನಪಿರಲಿಲ್ಲ. ನೀವು ಹೋಗಿದ್ದನ್ನ ಮಾತ್ರ ಈ ಊರು ಜನ್ಮದಲ್ಲಿ ಮರೆಯೋಲ್ಲ."

ಒಳಗಿನಿಂದ ನಂಜಜ್ಜಿ ನಕ್ಕದ್ದು ಕೇಳಿಸಿತು. ಮುದ್ದವೀರಪ್ಪ ತುಟಿ ಬಿಗಿಹಿಡಿದು ನೋಡಿದ, ಆಗಲಿಲ್ಲ. ಅವನಿಗೂ ನಗು ಬಂತು. ಕಾರ್ಡುಗಳನ್ನು ತಾನೇ ಕಂಕುಳಲ್ಲಿ ಇಟ್ಟುಕೊಂಡು ಪೋಸ್ಟ್ ಡಬ್ಬಿಯ ಕಡೆ ಹೊರಟ. ಅಜ್ಜಿ ಓಬಳೇಶನನ್ನು ಅಡುಗೆಮನೆಗೆ ಕರೆದು, ತಟ್ಟೆ ತುಂಬ ಬಿಸಿ ಕಜ್ಜಾಯ ಇಟ್ಟರು.