ಮೇಟಿಯ ಪಕ್ಕದ ಜಾಗ

ಕಣದ ನಡುವಿನ ಮೇಟಿಕಂಬದ ಸುತ್ತ ಐದು ಎತ್ತುಗಳು ಕೊರಳಿಗೆ ಕೊರಳು ಕಟ್ಟಿಸಿಕೊಂಡು ತೆನೆ ತುಳಿಯುತ್ತಿದ್ದವು. ಮೇಟಿಗೆ ಕಟ್ಟಿದ್ದು ಒಳಗಿನ ಒಂದನ್ನು ಮಾತ್ರ. ಎಲ್ಲಕ್ಕೂ ಹೊರಗಿದ್ದ ಕೆಂದನದು ದೊಡ್ಡ ಸುತ್ತು, ತೆನೆಗೆ ಬಾಯಿ ಹಾಕದಂತೆ ಮೂತಿಗೆ ಕುಕ್ಕೆ. ಆದರೂ ಸುತ್ತಿಗೊಮ್ಮೆ ಹೊಳೆದಂಡೆಯ ಹಸಿರು ಕಾಣುತ್ತಿತ್ತು. ಕರುವಾಗಿದ್ದಾಗ ಅವ್ವನ ಜೊತೆ ಮೇಯ್ದ ಜಾಗ ಅದು.

ಒಂದು ದಿನ ತಡೆಯಲಾರದೆ ಪಕ್ಕದ ಮಾಸನಿಗೆ ಹೇಳಿದ: “ಅಣ್ಣಾ, ಮೇಟಿ ಬರೀ ಒಣಕಟ್ಟಿಗೆ. ಐವರೂ ಒಮ್ಮೆಲೇ ಜಗ್ಗಿದರೆ ಕಿತ್ತು ಬರುತ್ತದೆ. ಹೊಳೆಗೆ ಹೋಗೋಣ.”

ಮಾತು ಕೊರಳಿಂದ ಕೊರಳಿಗೆ ದಾಟಿ ಮೇಟಿಯ ಕಿವಿಗೂ ಬಿತ್ತು. ಮೇಟಿ ಸಿಟ್ಟಾಗಲಿಲ್ಲ.

“ಕೆಂದಪ್ಪಾ, ನಿನ್ನಂಥ ಗಟ್ಟಿಗ ಅಂಚಿನಲ್ಲಿರಬಾರದು. ನಾಳೆಯಿಂದ ನನ್ನ ಪಕ್ಕ ಬಾ. ಕುಕ್ಕೆ ಬಿಚ್ಚಿಸುತ್ತೇನೆ, ಬೇಕಾದಷ್ಟು ತಿನ್ನು. ಆದರೆ ಹುಷಾರು, ಉಳಿದವರ ಕಣ್ಣೆಲ್ಲ ಈ ಜಾಗದ ಮೇಲೇ ಇದೆ.”

ಈಗ ಕೆಂದನದು ಸಣ್ಣ ಸುತ್ತು, ಬಾಯಿ ತುಂಬ ತೆನೆ. ನಾಲ್ಕು ಬೆನ್ನು ಅಡ್ಡವಾಗಿ ಹೊಳೆದಂಡೆ ಮಾತ್ರ ಕಾಣದು. ಸಂಜೆಗಾಳಿಯಲ್ಲಿ ಹಸಿಹುಲ್ಲಿನ ವಾಸನೆ ತೇಲಿ ಬಂದಾಗ ಅವನ ಕಾಲು ತಾನಾಗಿ ನಿಂತಿತು.

“ಮಾಸಣ್ಣಾ, ಹುಲ್ಲು ಈಗಲೂ ಅಷ್ಟೇ ಹಸಿರಾಗಿದೆಯೇ?” ಎಂದು, ಈಗ ಅಂಚಿನಲ್ಲಿದ್ದವನನ್ನು ಕೇಳಿದ.

“ನನ್ನನ್ನೇನು ಕೇಳುತ್ತೀ? ಮೇಟಿಗೆ ಕಟ್ಟಿರುವುದು ನಿನ್ನೊಬ್ಬನನ್ನೇ. ನಾವೆಲ್ಲ ತಯಾರು. ಜಗ್ಗು, ನೀನೇ ನೋಡುವೆಯಂತೆ!”

ಕೆಂದ ಆ ವಾಸನೆಯನ್ನು ಇನ್ನೊಮ್ಮೆ ಆಳವಾಗಿ ಎಳೆದುಕೊಂಡ. ಆಮೇಲೆ ಮೇಟಿಯತ್ತ ಬಾಗಿ, “ಒಡೆಯಾ, ಮಾಸ ಜಗ್ಗು ಅನ್ನುತ್ತಿದ್ದಾನೆ,” ಎಂದ.

ಮರುದಿನ ಮೇಟಿಯ ಪಕ್ಕ ಮಾಸನಿದ್ದ, ಕುಕ್ಕೆಯಿಲ್ಲದ ಬಾಯಿ ತುಂಬ ತೆನೆ. ಕೆಂದ ಮತ್ತೆ ಅಂಚಿಗೆ ಬಂದಿದ್ದ. ಹೊಳೆದಂಡೆ ಸುತ್ತಿಗೊಮ್ಮೆ ಕಣ್ತುಂಬ ಕಾಣುತ್ತಿತ್ತು. ಹೋಗೋಣವೆಂದು ಪಕ್ಕದವನಿಗೆ ಹೇಳಲು ಮಾತ್ರ ಅವನಿಗೆ ಬಾಯಿ ಬರಲಿಲ್ಲ.